ಓಡುವ ಮುಧೋಳ ನಾಯಿ ಮತ್ತು ನನ್ನ ಕ್ಯಾಮೆರಾ

ನಿಂತಿರುವ ಮುಧೋಳ ನಾಯಿ ನೋಡುವವರಿಗೆ ಬಡಕಲು ಸಾಧುಪ್ರಾಣಿಯಂತೆ ಕಾಣುತ್ತದೆ. ಅದರ ಕಸುವು ತಿಳಿಯುವುದು ಓಡಿದಾಗಲೇ. ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತಲಿನ ಎರೆ ಹೊಲಗಳಲ್ಲಿ ಆ ಓಟವನ್ನು ಹಿಡಿಯಲು ನಾನು ಮೊದಲು ಒಯ್ದದ್ದು ಸೆಕೆಂಡಿಗೆ 5 ಚಿತ್ರ ತೆಗೆಯುವ ಹಳೆಯ ಡಿಎಸ್‌ಎಲ್‌ಆರ್ ಮತ್ತು ಅದರ ಜೊತೆಗೇ ಬಂದಿದ್ದ 18–55 ಮಿ.ಮೀ. ಲೆನ್ಸ್. ಅಂದು ತೆಗೆದ ಮುನ್ನೂರು ಚಿತ್ರಗಳಲ್ಲಿ ಇಡೀ ನಾಯಿ ಸಿಕ್ಕಿದ್ದು ಕೆಲವದರಲ್ಲಿ ಮಾತ್ರ. ಹಿಂದಿನ ಜಾಲಿಗಿಡ ಮಾತ್ರ ಎಲ್ಲದರಲ್ಲೂ ಸ್ಪಷ್ಟವಾಗಿತ್ತು.

ತಪ್ಪು ಶಟರ್ ವೇಗದ್ದೆಂದು, ಅಂದರೆ ಶಟರ್ ತೆರೆದಿರುವ ಹೊತ್ತಿನದ್ದೆಂದು ಭಾವಿಸಿ ಕಾಗದದ ಮೇಲೆ ಲೆಕ್ಕ ಹಾಕಿದೆ. ನಾಯಿಯ ವೇಗ ಗಂಟೆಗೆ 50 ಕಿ.ಮೀ. ಎಂದು ಹಿಡಿದರೆ ಅದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಂದರೆ 1/500 ಸೆಕೆಂಡಿನಲ್ಲಿ ಸುಮಾರು 3 ಸೆಂ.ಮೀ., 1/2000ರಲ್ಲಿ 7 ಮಿ.ಮೀ. ಕ್ಯಾಮೆರಾವನ್ನು ನಾಯಿಯ ಜೊತೆಗೇ ತಿರುಗಿಸುತ್ತ ಹೋದರೆ 1/500ರಲ್ಲೂ ಮೈ ಸ್ಪಷ್ಟವಾಗಿ ಬರುತ್ತದೆ. ಆದರೆ ಮುಂದಕ್ಕೆ ಬೀಸುವ ಪಾದ ಮೈಗಿಂತಲೂ ವೇಗವಾಗಿ ಚಲಿಸುವುದರಿಂದ ಅದು ಮಸುಕಾಗುತ್ತದೆ. ಅಂದಿನಿಂದ 1/2000ಕ್ಕಿಂತ ಕೆಳಗೆ ನಾನು ಇಳಿದಿಲ್ಲ. ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸುತ್ತೇನೆ, ಚಿತ್ರದಲ್ಲಿ ಒಂದಿಷ್ಟು ಕಾಳು ಮೂಡಿದರೆ ಮೂಡಲಿ.

ಹೊಸ ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್‌ಗಳ ಕಡೆಗೆ ನೋಡಲಿಲ್ಲ. ನಾಯಿಯ ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಹಿಂಬಾಲಿಸುವ ವ್ಯವಸ್ಥೆ ಮತ್ತು ಯಾಂತ್ರಿಕ ಶಟರ್‌ನಲ್ಲಿ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಚಿತ್ರ, ಇವೆರಡೇ ನನ್ನ ಷರತ್ತುಗಳಾಗಿದ್ದವು. ಯಾಂತ್ರಿಕ ಶಟರ್ ಎಂದು ಒತ್ತಿ ಹೇಳಲು ಕಾರಣವಿದೆ: ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಬಹುತೇಕ ಸೆನ್ಸರ್‌ಗಳು ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಕ್ಯಾಮೆರಾ ತಿರುಗುವಾಗ ಬೇಲಿಯ ಕಂಬಗಳು ವಾಲುತ್ತವೆ, ಕಾಲುಗಳು ಸೊಟ್ಟಗಾಗುತ್ತವೆ. ಕೊನೆಗೆ ಕ್ಯಾನನ್ ಆರ್10 ಆರಿಸಿಕೊಂಡೆ. ಅದು ಯಾಂತ್ರಿಕ ಶಟರ್‌ನಲ್ಲಿ ಸೆಕೆಂಡಿಗೆ 15 ಚಿತ್ರ ತೆಗೆಯುತ್ತದೆ. ಉಳಿದ ಹಣದಲ್ಲಿ ಬಳಸಿದ 70–200 ಮಿ.ಮೀ. ಎಫ್/4 ಲೆನ್ಸನ್ನು (ಎಫ್/4 ಎಂಬುದು ಬೆಳಕು ಒಳಬರುವ ಕಿಂಡಿಯ ಅಳತೆ), ಅದನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಅಡಾಪ್ಟರ್‌ನೊಂದಿಗೆ ತೆಗೆದುಕೊಂಡೆ.

15 ಚಿತ್ರಗಳ ಬೆಲೆ ತಿಳಿದದ್ದು ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ. ಈ ಜಾತಿಯ ಬೇಟೆನಾಯಿ ಪೂರ್ಣ ವೇಗದಲ್ಲಿ ಓಡುವಾಗ ಒಂದೊಂದು ದಾಪುಗಾಲಿನಲ್ಲೂ ನಾಲ್ಕೂ ಕಾಲುಗಳು ಎರಡು ಸಲ ನೆಲ ಬಿಡುತ್ತವೆ: ಒಮ್ಮೆ ಮೈ ಪೂರ್ತಿ ಚಾಚಿಕೊಂಡಾಗ, ಇನ್ನೊಮ್ಮೆ ಬೆನ್ನು ಬಿಲ್ಲಿನಂತೆ ಬಾಗಿ ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದೆ ಬಂದಾಗ. ನನ್ನ ಸಾಲುಗಳಲ್ಲಿ ಸುಮಾರು ನಾಲ್ಕು ಚಿತ್ರಗಳಿಗೊಮ್ಮೆ ಅದೇ ಭಂಗಿ ಮರಳುತ್ತಿತ್ತು. ಹಳೆಯ ಕ್ಯಾಮೆರಾದಲ್ಲಿ ಒಂದು ದಾಪುಗಾಲಿಗೆ ಒಂದೋ ಎರಡೋ ಚಿತ್ರ. ಉಳಿದದ್ದೆಲ್ಲ ಅದೃಷ್ಟಕ್ಕೆ ಬಿಟ್ಟದ್ದು.

ಆದರೂ ಎದುರಿಗೆ ಓಡಿ ಬರುವ ನಾಯಿ ಕೈಗೆ ಸಿಗಲಿಲ್ಲ. ಎರಡು ಚಿತ್ರಗಳ ನಡುವೆ ಅದು ಹತ್ತಿರಹತ್ತಿರ ಒಂದು ಮೀಟರ್ ಮುಂದೆ ಬಂದಿರುತ್ತದೆ. 200 ಮಿ.ಮೀ.ನಲ್ಲಿ, ಎಫ್/4ರಲ್ಲಿ, 20 ಮೀಟರ್ ದೂರದಲ್ಲಿ ಸುಮಾರು ಒಂದೂವರೆ ಮೀಟರ್ ಆಳ ಸ್ಪಷ್ಟವಾಗಿರುತ್ತದೆ. 8 ಮೀಟರಿಗೆ ಬಂದಾಗ ಅದು ಕಾಲು ಮೀಟರಿಗೆ ಕುಗ್ಗುತ್ತದೆ. ಮುಧೋಳದ ಉದ್ದ ಮೂತಿಯಲ್ಲಿ ಮೂಗಿಗೆ ಫೋಕಸ್ ಬಿದ್ದರೆ ಕಣ್ಣು ಅಂಚಿಗೆ ಸರಿಯುತ್ತದೆ. ಹಾಗಾಗಿ ದೂರದಲ್ಲಿರುವಾಗಲೇ ಫೋಕಸ್ ಗುಂಡಿ ಒತ್ತಿ ಹಿಡಿದು, 20 ಮೀಟರಿನ ಆಸುಪಾಸಿನಲ್ಲೇ ಚಿತ್ರ ತೆಗೆಯುವುದನ್ನು ರೂಢಿಸಿಕೊಂಡೆ.

ಎಲ್ಲಿ ನಿಲ್ಲಬೇಕೆಂಬುದನ್ನು ಕಲಿಸಿದವರು ನಾಯಿ ಸಾಕಿದ ರೈತರೊಬ್ಬರು. ನಾನು ಹೊಲದುದ್ದಕ್ಕೂ ಕ್ಯಾಮೆರಾ ಎಳೆದಾಡುವುದನ್ನು ನೋಡಿ, “ಅದರ ಹಿಂದ ಹೋಗಬ್ಯಾಡ್ರಿ ಸರ್, ಅದು ಎಲ್ಲಿ ತಿರಗತೈತಿ ಅಲ್ಲಿ ಹೋಗಿ ಕುಂದರ್ರಿ” ಎಂದರು. ಜೋಳ ಕೊಯ್ದ ಹೊಲದ ಎರಡು ತುದಿಗಳಲ್ಲಿ ಅವರೂ ಅವರ ಮಗನೂ ನಿಂತು ತಮ್ಮ ನಾಯಿ ಸರ್ಜಾನನ್ನು ಸರದಿಯಂತೆ ಕೂಗಿದರು. ತಿರುವಿನಲ್ಲಿ ನಾಯಿ ವೇಗ ತಗ್ಗಿಸಿ ಮೈಯನ್ನು ಒಂದು ಮಗ್ಗುಲಿಗೆ ವಾಲಿಸುತ್ತದೆ, ಉಗುರುಗಳು ಹೆಂಟೆ ಒಡೆದು ಕಪ್ಪು ಮಣ್ಣನ್ನು ಎರಚುತ್ತವೆ. ನಾನು ನೆಲಕ್ಕೆ ಮೊಣಕಾಲೂರಿ ಅದರ ಕಣ್ಣಿನ ಮಟ್ಟಕ್ಕೆ ಇಳಿದಿದ್ದೆ. ಮೆಚ್ಚಿದ ಚಿತ್ರಗಳೆಲ್ಲ ಆ ಹತ್ತು ಹೆಜ್ಜೆ ಜಾಗದಲ್ಲೇ ಸಿಕ್ಕವು.

ಬೆಳಕಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಕಪ್ಪು ನೆಲವನ್ನು ಕಂಡ ಕ್ಯಾಮೆರಾ ಚಿತ್ರವನ್ನು ತಿಳಿಯಾಗಿಸಲು ಹೋಗಿ ಬಿಳಿ ನಾಯಿಯ ಮೈಯನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಮೊದಲೇ ನಾಯಿಯ ಮೈಮೇಲಿನ ಬೆಳಕನ್ನು ಅಳೆದು, ಎಕ್ಸ್‌ಪೋಷರನ್ನು ಮ್ಯಾನ್ಯುವಲ್‌ನಲ್ಲಿ ಕಟ್ಟಿಹಾಕುತ್ತೇನೆ.

ಓಟ ಮುಗಿಸಿದ ಸರ್ಜಾ ನೇರವಾಗಿ ಬಂದು ಲೆನ್ಸಿನ ಗಾಜನ್ನು ಮೂಸಿತು. ಆ ಲೆನ್ಸಿಗೆ 1.2 ಮೀಟರಿಗಿಂತ ಹತ್ತಿರದ್ದು ನಿಲುಕುವುದಿಲ್ಲ. ಅಂದಿನ ಕೊನೆಯ ಒಂಬತ್ತು ಚಿತ್ರಗಳಲ್ಲಿ ಇರುವುದು ಒಂದು ಮಸುಕಾದ ಕಪ್ಪು ಮೂಗು.