ಒಂದು ಕಾವಡಿ, ಎರಡು ಡಬ್ಬ: ಮನಿಲಾದ ಬೀದಿ ತಿಂಡಿ ನನ್ನ ಗೋಡೆಗೆ ಬಂದದ್ದು

ಫಿಲಿಪೀನ್ಸ್‌ನ ಮನಿಲಾ ಮಹಾನಗರಕ್ಕೆ ಸೇರಿದ ಕ್ವೆಝಾನ್ ಸಿಟಿಯ ನಮ್ಮ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಅಲಾರಂ ಬೇಕಾಗುತ್ತಿರಲಿಲ್ಲ. ಆರೂವರೆಗೆಲ್ಲ ಕೆಳಗಿನ ಬೀದಿಯಿಂದ "ತಾಹೋಓಓ" ಎಂದು ತಾಹೋ ತಿಂಡಿ ಮಾರುವವರ ಕೂಗು ಬರುತ್ತಿತ್ತು. ಹೆಗಲ ಮೇಲೆ ಕಾವಡಿ, ಎರಡು ತುದಿಗೂ ಅಲ್ಯೂಮಿನಿಯಂ ಡಬ್ಬ. ಒಂದರಲ್ಲಿ ಗಿಣ್ಣಿನಷ್ಟೇ ಮೆತ್ತಗಿರುವ ಬಿಸಿ ಸೋಯಾ ತೋಫು. ಇನ್ನೊಂದರಲ್ಲಿ ಸಬ್ಬಕ್ಕಿ, ಜೊತೆಗೆ ಆರ್ನಿಬಾಲ್ ಎನ್ನುವ ಕಂದು ಸಕ್ಕರೆ ಪಾಕ. ಸಸ್ಯಾಹಾರಿಯಾದ ನನಗೆ ಆ ಊರಿನ ಬೀದಿಯಲ್ಲಿ ಮೊದಲು ಹೊಟ್ಟೆ ತುಂಬಿಸಿದ್ದು ಅದೇ.

ಮನೆಯ ಹಾಲ್‌ನಲ್ಲಿ ಒಂದು ಉದ್ದನೆಯ ಬಿಳಿ ಗೋಡೆ ಖಾಲಿ ಇತ್ತು. ಅಂಗಡಿಯ ಪೋಸ್ಟರ್ ತರುವ ಬದಲು ಈ ಬೀದಿಯನ್ನೇ ಅಲ್ಲಿಗೆ ತರಬೇಕು ಅನ್ನಿಸಿತು. ಮೊದಲ ಚಿತ್ರದಲ್ಲಿ ಗಾಡಿ, ಬಾಣಲೆ, ಹೊಗೆ, ಜನ ಎಲ್ಲವನ್ನೂ ತುಂಬಿದೆ. ನೋಡಿದರೆ ಯಾವ ದೇಶದ ಯಾವ ಬೀದಿ ಬೇಕಾದರೂ ಆಗಬಹುದಿತ್ತು. ಆಮೇಲೆ ಮಿನಿಮಲ್ ಆಗಿ, ಅಂದರೆ ಆದಷ್ಟು ಕಡಿಮೆ ಗೆರೆ-ಬಣ್ಣದಲ್ಲಿ ಬಿಡಿಸುವ ತೀರ್ಮಾನಕ್ಕೆ ಬಂದೆ. ಹಾಳೆಗೆ ಒಂದೇ ತಿಂಡಿ, ಹೆಚ್ಚೆಂದರೆ ಮೂರು ಬಣ್ಣ. ಹೆಸರು ಬರೆಯಬಾರದು. ಆದರೂ ಪಕ್ಕದ ಮನೆಯ ಆತೆ (ಅಲ್ಲಿ ಅಕ್ಕನಿಗೆ ಹಾಗೆ ಕರೆಯುತ್ತಾರೆ) ನೋಡಿದ ಕೂಡಲೇ ಗುರುತು ಹಿಡಿಯಬೇಕು.

ಸಾಮಾನು ಜಾಸ್ತಿ ಏನಿಲ್ಲ. ಎ3 ಅಳತೆಯ 300 ಜಿಎಸ್‌ಎಂ ದಪ್ಪ ಹಾಳೆ, ಗ್ವಾಶ್ ಬಣ್ಣ (ನೀರಿನಲ್ಲಿ ಕಲಸುವ, ಹಾಳೆ ಕಾಣದಂತೆ ಕೂರುವ ಬಣ್ಣ), ಕಪ್ಪು ಇಂಕು, ಎರಡು ಬ್ರಶ್.

ತುಂಬಾ ಕಾಡಿದ್ದು ಕ್ವೆಕ್-ಕ್ವೆಕ್. ಬೇಯಿಸಿದ ಗೌಜಲ ಹಕ್ಕಿಯ ಮೊಟ್ಟೆಯನ್ನು ಕಡು ಕಿತ್ತಳೆ ಬಣ್ಣದ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ, ನಮ್ಮ ಬೋಂಡಾ ಥರ. ತಿನ್ನುವವರು ಕಡ್ಡಿಯಿಂದ ಚುಚ್ಚಿ, ಈರುಳ್ಳಿ-ಮೆಣಸಿನಕಾಯಿ ಹಾಕಿದ ವಿನೆಗರ್‌ನಲ್ಲಿ ಅದ್ದಿಕೊಳ್ಳುತ್ತಾರೆ. ನಾನು ಕೈವಾರ ಹಿಡಿದು ಮೂರು ಕಿತ್ತಳೆ ವೃತ್ತ ಬಿಡಿಸಿದೆ. ಆತೆ ನೋಡಿ "ಸೂರ್ಯನಾ?" ಅಂದರು. ಬಣ್ಣ ಬದಲಿಸಿದೆ, ಕಡ್ಡಿ ಸೇರಿಸಿದೆ, ಆಗಲಿಲ್ಲ. ಒಂದು ಸಂಜೆ ಗಾಡಿಯ ಹತ್ತಿರ ಸುಮ್ನೆ ನಿಂತು ನೋಡುತ್ತಿದ್ದಾಗ ಶಾಲೆ ಬಿಟ್ಟು ಬಂದ ಹುಡುಗಿಯೊಬ್ಬಳು ಅರ್ಧ ಕಚ್ಚಿದಳು. ಹೊರಗೆ ತೆಳ್ಳಗಿನ ಕಿತ್ತಳೆ ಅಂಚು, ಒಳಗೆ ಬಿಳಿ, ನಡುವೆ ಹಳದಿ ಬೊಟ್ಟು. ಮನೆಗೆ ಬಂದು ಎರಡು ವೃತ್ತ ಹಾಗೇ ಇಟ್ಟು, ಮೂರನೆಯದನ್ನು ಕಚ್ಚಿದಂತೆ ಬಿಡಿಸಿದೆ. ಕೈವಾರ ಬಿಟ್ಟು ಬರಿಗೈಯಲ್ಲಿ, ಹಿಟ್ಟು ಅಂಟಿದ ಹಾಗೆ ಅಂಚು ಸ್ವಲ್ಪ ಒರಟಾಗಿ. ಆತೆ ಬಾಗಿಲಲ್ಲೇ ನಿಂತು "ಕ್ವೆಕ್-ಕ್ವೆಕ್!" ಅಂದರು. ಮಿನಿಮಲ್ ಅಂದರೆ ತೆಗೆಯುತ್ತಾ ಹೋಗುವುದು ಅಂತಲೇ ಅಂದುಕೊಂಡಿದ್ದೆ. ಇಲ್ಲಿ ಒಂದು ಹಳದಿ ಬೊಟ್ಟು ಸೇರಿಸಬೇಕಾಯಿತು.

ಬಣ್ಣದ ಬಗ್ಗೆ ಒಂದು ಮಾತು. ಗ್ವಾಶ್ ಒಣಗಿದಾಗ ತಿಳಿ ಬಣ್ಣ ತುಸು ಗಾಢವಾಗುತ್ತದೆ, ಗಾಢ ಬಣ್ಣ ತುಸು ತಿಳಿಯಾಗುತ್ತದೆ. ಹಾಗಾಗಿ ಚೂರು ಹಾಳೆಯ ಮೇಲೆ ಬಳಿದು, ಪೂರ್ತಿ ಒಣಗಿಸಿ ನೋಡಿದ ಮೇಲೇ ಚಿತ್ರಕ್ಕೆ ಕೈ ಹಾಕಿ.

ಇಸಾವ್ ಸುಲಭವಾಗಿ ಬಂತು. ಕೋಳಿಯ ಕರುಳನ್ನು ತೊಳೆದು ಬೇಯಿಸಿ, ಬಿದಿರು ಕಡ್ಡಿಗೆ ಅಂಕುಡೊಂಕಾಗಿ ಪೋಣಿಸಿ ಕೆಂಡದ ಮೇಲೆ ಸುಡುತ್ತಾರೆ. ನಾನು ತಿನ್ನುವುದಿಲ್ಲ, ಆದರೆ ಆ ಅಂಕುಡೊಂಕು ಗೆರೆ ಎಷ್ಟು ಚೆಂದ ಅಲ್ವಾ! ಬ್ರಶ್ ಎತ್ತದೆ ಒಂದೇ ಉಸಿರಿನಲ್ಲಿ ಇಂಕಿನ ಗೆರೆ ಎಳೆದೆ. ಕೊನೆಯ ತಿರುವಿಗೆ ಬರುವಷ್ಟರಲ್ಲಿ ಇಂಕು ಆರಿ ಗೆರೆ ಒಡೆಯುತ್ತದೆ. ಅದು ಥೇಟ್ ಕೆಂಡಕ್ಕೆ ಕರಕಲಾದ ಹಾಗೇ ಕಾಣುತ್ತದೆ. ಹಳೇ ಪೇಪರ್ ಮೇಲೆ ಮೂವತ್ತು-ನಲವತ್ತು ಸಲ ಅಭ್ಯಾಸ ಮಾಡಿದ ಮೇಲೆ ಕೈಗೆ ಬಂತು.

ಫ್ರೇಮ್ ಹಾಕಿಸುವಾಗ ಗಾಜಿಗೂ ಹಾಳೆಗೂ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಅಂಚಿನ ಹಾಗೆ ಇಡುವ ದಪ್ಪ ರಟ್ಟು) ಇರಲೇಬೇಕು. ಅಲ್ಲಿನ ಮಳೆಗಾಲದ ತೇವಕ್ಕೆ ನನ್ನದೊಂದು ಹಾಳೆ ಗಾಜಿಗೇ ಅಂಟಿಕೊಂಡು ಹಾಳಾಯಿತು.

ಕೊನೆಗೆ ತಾಹೋ. ಲೋಟ, ಚಮಚ ಯಾವುದೂ ಬೇಡ, ಬರೀ ಕಾವಡಿ ಸಾಕು ಅನ್ನಿಸಿತು. ಒಂದು ಅಡ್ಡ ಗೆರೆ, ಎರಡು ಬೂದು ಡಬ್ಬ, ಒಂದರ ಕೆಳಗೆ ಪಾಕದ ಕಂದು ಹನಿ. ಫೋಟೋ ತೆಗೆದು ಮಾರನೇ ಬೆಳಿಗ್ಗೆ ತಾಹೋ ಮಾರುವವರಿಗೇ ತೋರಿಸಿದೆ. "ಕುಯಾ, ಇದು ಏನು ಹೇಳಿ?" ಕುಯಾ ಅಂದರೆ ಅಣ್ಣ. ಅವರು ಖುಷಿಯಿಂದ ನಕ್ಕರು. ಆಮೇಲೆ ತಲೆ ಅಲ್ಲಾಡಿಸಿ, ತಮ್ಮ ಡಬ್ಬಗಳನ್ನು ಒಂದೊಂದಾಗಿ ತಟ್ಟಿ ತೋರಿಸಿದರು. ತೋಫುವಿನ ಡಬ್ಬ ದೊಡ್ಡದು, ಪಾಕದ್ದು ಚಿಕ್ಕದು. ಕಾವಡಿ ಎತ್ತಿ ಹೆಗಲಿಗೆ ಇಟ್ಟುಕೊಂಡರು. ಹೆಗಲು ಕೋಲಿನ ನಡುವೆ ಇರಲಿಲ್ಲ, ಭಾರದ ಡಬ್ಬದ ಕಡೆಗೆ ಸರಿದಿತ್ತು. ನಾನು ಎರಡನ್ನೂ ಒಂದೇ ಅಳತೆಗೆ ಬಿಡಿಸಿದ್ದೆ. ಇಷ್ಟು ದಿನ ತಿಂದಿದ್ದೆ, ನೋಡಿರಲಿಲ್ಲ.

ಅವತ್ತೇ ಇನ್ನೊಂದು ಹಾಳೆ ತೆಗೆದೆ. ಈಗ ಗೋಡೆಯ ಮೇಲಿರುವುದು ಆ ಚಿತ್ರ. ಅದರಲ್ಲಿ ಮನುಷ್ಯ ಇಲ್ಲ, ಹೆಗಲೂ ಇಲ್ಲ. ಗೆರೆ ಮಾತ್ರ ದೊಡ್ಡ ಡಬ್ಬದ ಹತ್ತಿರ ಸ್ವಲ್ಪ ಮೇಲೆದ್ದು, ಎರಡೂ ಕಡೆಗೆ ಬಾಗಿದೆ.