ಇಸ್ಪೀಟು ಎಲೆಯ ಬೆನ್ನು ನೋಡಿ ಕೊಳ್ಳಿ

ಇಸ್ಪೀಟು ಎಲೆ ಕೊಳ್ಳಲು ಹೋದವರು ಸಾಮಾನ್ಯವಾಗಿ ರಾಜ, ರಾಣಿ, ಗುಲಾಮರ ಚಿತ್ರ ಅಂದವಾಗಿದೆಯೇ ಎಂದು ನೋಡುತ್ತಾರೆ, ಹೊಳಪಿಗೆ ಮನಸೋಲುತ್ತಾರೆ, ಬೆಲೆ ಕೇಳಿ ತಂದುಬಿಡುತ್ತಾರೆ. ಪೋಕರ್ ಆಡುವ ಮನೆಯಲ್ಲಿ ಮಾತ್ರ ಎಲೆಯ ಮುಖಕ್ಕಿಂತ ಮೊದಲು ಬೆನ್ನಿನ ಪರೀಕ್ಷೆ ಆಗಬೇಕು. ರಮ್ಮಿಯಲ್ಲಿ ಹದಿಮೂರು ಎಲೆ ಕೈಯಲ್ಲಿರುತ್ತವೆ, ಅವುಗಳಲ್ಲಿ ಒಂದರ ಮೂಲೆ ಮಡಿಚಿದ್ದರೂ ಆಟ ಹೇಗೋ ಸಾಗುತ್ತದೆ. ಟೆಕ್ಸಾಸ್ ಹೋಲ್ಡೆಮ್ ಎಂಬ, ಈಗಿನ ಹುಡುಗರು ಹೆಚ್ಚಾಗಿ ಆಡುವ ಪೋಕರಿನಲ್ಲಿ ಒಬ್ಬೊಬ್ಬರಿಗೆ ಮುಚ್ಚಿ ಹಂಚುವುದು ಎರಡೇ ಎಲೆ, ಉಳಿದ ಐದು ಎಲೆ ಎಲ್ಲರೆದುರು ತೆರೆದು ಬೀಳುತ್ತವೆ. ಆ ಎರಡರಲ್ಲೊಂದು ಆಸು ಎಂಬುದು ಎದುರು ಕುಳಿತವರಿಗೆ ಬೆನ್ನಿನ ಒಂದು ಗೀರಿನಿಂದಲೇ ತಿಳಿದುಹೋದರೆ ಆಟದಲ್ಲಿ ಉಳಿಯುವುದೇನು? ಇದಲ್ಲದೆ, ಈ ಆಟದಲ್ಲಿ ಎಲೆಯನ್ನು ಕೈಗೆತ್ತಿ ಹಿಡಿಯುವ ರೂಢಿ ಕಡಿಮೆ. ಅಂಗೈ ಮರೆ ಮಾಡಿ, ಹೆಬ್ಬೆರಳಿನಿಂದ ಮೂಲೆಯನ್ನಷ್ಟೇ ಮೇಲೆತ್ತಿ ಇಣುಕುತ್ತಾರೆ. ಕಾಗದದ ಎಲೆ ಹೀಗೆ ಬಾಗಿಸಿಕೊಳ್ಳುತ್ತ ಒಂದೆರಡು ಸಂಜೆ ಕಳೆದರೆ ಮೂಲೆಯಲ್ಲಿ ಬಿಳಿ ಗೆರೆ ಮೂಡುತ್ತದೆ. ಒಳ್ಳೆಯ ಎಲೆ ಬಂದವರೇ ನಂಬಿಕೆಯಾಗದೆ ಮತ್ತೆ ಮತ್ತೆ ಇಣುಕುವುದರಿಂದ ಆ ಗೆರೆ ಆಸು, ರಾಜರ ಮೂಲೆಯಲ್ಲಿಯೇ ಮೊದಲು ಕಾಣಿಸಿಕೊಳ್ಳುವುದು ವಿಚಿತ್ರವೇನಲ್ಲ.

ನಮ್ಮ ಕಲಬುರಗಿಯ ಹವೆಯಂತೂ ಕಾಗದದ ಎಲೆಗೆ ಶತ್ರುವೇ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಬಿಸಿಲಿದ್ದು ಗಾಳಿಯಲ್ಲಿ ಪಸೆ ಎಂಬುದೇ ಇರುವುದಿಲ್ಲ. ಒಳಗೆ ನೋಡಿದರೆ ಕಿಟಕಿಗೆ ಕೂಡಿಸಿದ ಕೂಲರ್ ನೀರು ಕುಡಿದು ತೇವದ ಗಾಳಿಯನ್ನು ಕೋಣೆಯೊಳಕ್ಕೆ ಊದುತ್ತಿರುತ್ತದೆ. ಕಾಗದ ಆ ತೇವವನ್ನು ಹೀರಿ ಉಬ್ಬುತ್ತದೆ, ಕರೆಂಟು ಹೋಗಿ ಕೂಲರ್ ನಿಂತ ಗಳಿಗೆಯಿಂದ ಒಣಗಿ ಮುದುಡತೊಡಗುತ್ತದೆ. ಹೀಗೆ ಉಬ್ಬಿ ಮುದುಡಿದ ಕಟ್ಟು ಒಂದು ಬೇಸಿಗೆ ದಾಟುವುದರೊಳಗೆ ದೋಣಿಯ ಆಕಾರಕ್ಕೆ ಬರುತ್ತದೆ. ಪ್ಲಾಸ್ಟಿಕ್ ಎಲೆಯ ದೊಡ್ಡ ಗುಣವೆಂದರೆ ಅದು ನೀರನ್ನು ಹೀಗೆ ಹೀರುವುದಿಲ್ಲ, ಮೂಲೆ ಬಾಗಿಸಿದರೆ ಗೆರೆ ಬೀಳದೆ ಮೊದಲಿನ ಸಮಕ್ಕೆ ಮರಳುತ್ತದೆ, ಮತ್ತು ಕೊಳೆಯಾದರೆ ಒರೆಸಿ ತೊಳೆಯಬಹುದು. ಬೆಲೆ ಕಾಗದದ ಕಟ್ಟಿನ ಹಲವು ಪಟ್ಟು ಆಗುತ್ತದೆಂಬುದು ನಿಜ, ಆದರೆ ವಾರಕ್ಕೊಮ್ಮೆ ಆಟ ಕೂಡುವ ಮನೆಯಲ್ಲಿ ಒಳ್ಳೆಯದೊಂದು ಕಟ್ಟು ವರ್ಷಗಟ್ಟಲೆ ಬಾಳುತ್ತದೆ.

ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲ ಡಬ್ಬಿಯ ಮೇಲಿನ ಬರಹದಲ್ಲಿದೆ. ‘ಪ್ಲಾಸ್ಟಿಕ್ ಕೋಟೆಡ್’ ಎಂದು ಬರೆದಿದ್ದರೆ ಒಳಗಿರುವುದು ಕಾಗದವೇ, ಮೇಲೆ ತೆಳುವಾದ ಲೇಪ ಮಾತ್ರ ಇರುತ್ತದೆ, ಅಂಚಿನಿಂದ ನೀರು ಒಳಗಿಳಿಯುತ್ತದೆ. ನಮಗೆ ಬೇಕಾದದ್ದು ‘ನೂರಕ್ಕೆ ನೂರು ಪ್ಲಾಸ್ಟಿಕ್’ ಎಂದು ಸ್ಪಷ್ಟವಾಗಿ ಬರೆದ ಕಟ್ಟು. ಕಂಪನಿಯ ಹೆಸರೊಂದನ್ನೇ ನಂಬಿ ಕೊಂಡರೆ ಸಾಲದು. ಎಲ್ಲರಿಗೂ ಪರಿಚಿತವಾದ ಬೈಸಿಕಲ್ ಹೆಸರಿನ ಸಾಧಾರಣ ಕಟ್ಟು ಕಾಗದದ್ದು, ಅದೇ ಹೆಸರಿನ ಪ್ರೆಸ್ಟೀಜ್ ಎಂಬ ಕಟ್ಟು ಪೂರ್ಣ ಪ್ಲಾಸ್ಟಿಕ್‌ದು. ಸ್ಪೇನಿನ ಫೋರ್ನಿಯರ್ ಕಂಪನಿಯವರೂ ಎರಡು ಬಗೆಯನ್ನೂ ಮಾಡುತ್ತಾರೆ. ಪೋಕರ್ ಆಡುವವರು ಹೆಚ್ಚು ಹೇಳುವ ಹೆಸರುಗಳಲ್ಲಿ ಬ್ರೆಜಿಲ್‌ನಲ್ಲಿ 1908ರಲ್ಲಿ ಆರಂಭವಾದ ಕೋಪಾಗ್, ಇಟಲಿಯ ತ್ರಿಯೆಸ್ತೆ ನಗರದ ಮೋದಿಯಾನೊ, ಅಮೆರಿಕದ ಕೆಮ್ ಇವು ಮುಖ್ಯವಾದವು. ಕೋಪಾಗ್ ಎಲೆ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್‌ನದು, ಕೆಮ್ ಎಲೆ ಸೆಲ್ಯುಲೋಸ್ ಅಸಿಟೇಟ್‌ನದು. ಈ ಎರಡನೆಯ ವಸ್ತುವನ್ನು ಮರದ ತಿರುಳಿನಿಂದಲೋ ಹತ್ತಿಯ ಬೀಜಕ್ಕೆ ಅಂಟಿ ಉಳಿದ ಸಣ್ಣ ನಾರಿನಿಂದಲೋ ಮಾಡುತ್ತಾರೆ. ಯಾದಗಿರಿ ಕಡೆಯ ಹತ್ತಿ ಹೊಲ ನೋಡಿ ಬೆಳೆದವರಿಗೆ ಇಸ್ಪೀಟು ಎಲೆಗೂ ಹತ್ತಿಗೂ ನಂಟಿದೆ ಎಂದರೆ ನಗು ಬರಬಹುದು. ಅಸಿಟೇಟ್ ಎಲೆ ಮುಟ್ಟಿದರೆ ಹೆಚ್ಚುಕಡಿಮೆ ಕಾಗದದ ಎಲೆಯಂತೆಯೇ ಇರುತ್ತದೆ, ಪಿ.ವಿ.ಸಿ. ಎಲೆ ತುಸು ಜಾರು. ನನ್ನ ಆಯ್ಕೆ ಕೇಳಿದರೆ, ಮಕ್ಕಳು, ಎಣ್ಣೆಗೈ, ಚಹಾದ ಕಪ್ಪು ಎಲ್ಲವೂ ಇರುವ ಮನೆಗೆ ಪಿ.ವಿ.ಸಿ. ಎಲೆಯೇ ಸಾಕು.

ಪೂರ್ಣ ಪ್ಲಾಸ್ಟಿಕ್ ಎಂದ ಮಾತ್ರಕ್ಕೆ ಎಲ್ಲವೂ ಆಟಕ್ಕೆ ಬರುವುದಿಲ್ಲ. ಇಲ್ಲಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಲ್ಲಿ ಬಂಗಾರದ ಬಣ್ಣದ ಥಳಥಳ ಎಲೆಗಳು ಉಡುಗೊರೆಯ ಡಬ್ಬಿಯಲ್ಲಿ ಬರುತ್ತವೆ. ಒಬ್ಬ ಅಂಗಡಿಯವರು ಒಳ್ಳೆಯ ಕಟ್ಟನ್ನೂ ಇದನ್ನೂ ಅಕ್ಕಪಕ್ಕ ಇಟ್ಟು, “ಎರಡೂ ಪ್ಲಾಸ್ಟಿಕ್ಕೇ ಅದಾವ್ರಿ ಕಾಕಾ, ಇದಕ್ಕ ಬಂಗಾರದ ಪಾಲಿಶ್ ಅದ, ಅಷ್ಟೇ ಫರಕ್” ಎಂದರು. ಫರಕ್ ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಈ ಎಲೆ ಒಂದರ ಮೇಲೊಂದು ನಿಲ್ಲದೆ ಜಾರುತ್ತದೆ, ಕಲಸುವಾಗ ಕೈಯಿಂದ ಚಿಮ್ಮುತ್ತದೆ, ಕನ್ನಡಿಯಂಥ ಬೆನ್ನಿನ ಮೇಲೆ ಬೆರಳಿನ ಗುರುತು, ಕೂದಲೆಳೆಯಷ್ಟು ಗೀರು ಎಲ್ಲವೂ ಎದ್ದು ಕಾಣುತ್ತವೆ. ಷೋಕೇಸಿಗೆ ಇಡಲು ಅಡ್ಡಿಯಿಲ್ಲ.

ಕೊಳ್ಳುವ ಮುನ್ನ ಕಟ್ಟು ತೆರೆದು ತೋರಿಸಲು ಅಂಗಡಿಯವರು ಒಪ್ಪಿದರೆ ಅಲ್ಲಿಯೇ, ಆನ್‌ಲೈನ್‌ನಲ್ಲಿ ತರಿಸಿದ್ದರೆ ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ, ಎಲೆಗಳನ್ನು ನಿಧಾನವಾಗಿ ಪರೀಕ್ಷಿಸಬೇಕು. ಒಂದು ಎಲೆಯನ್ನು ತೆಗೆದು, ಅದರ ಎರಡೂ ಗಿಡ್ಡ ಅಂಚುಗಳನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಹಿಡಿದು ಬಿಲ್ಲಿನಷ್ಟು ಬಾಗುವಂತೆ ಒತ್ತಿ, ಎರಡು ಕ್ಷಣ ಹಿಡಿದು ಬಿಡಿ. ಬಿಟ್ಟ ಕೂಡಲೇ ಅದು ನೆಟ್ಟಗಾಗಬೇಕು. ತುಸು ಕಮಾನು ಉಳಿದರೆ ಅದು ದಿನದಿನಕ್ಕೆ ಹೆಚ್ಚಾಗುತ್ತದೆ. ತೀರ ಗಡಸಾಗಿ, ಬಾಗಲು ಒಪ್ಪದೆ ಚಿಮ್ಮುವ ಎಲೆಯೂ ಬೇಡ, ಏಕೆಂದರೆ ಕಟ್ಟನ್ನು ಎರಡು ಭಾಗ ಮಾಡಿ ಹೆಬ್ಬೆರಳುಗಳಿಂದ ಎಲೆ ಬಿಡುತ್ತ ಒಂದರೊಳಗೊಂದು ಹೊಗಿಸುವ ರಿಫಲ್ ಕಲಸಾಟ ಅದರಿಂದ ಆಗುವುದಿಲ್ಲ. ಈ ರೀತಿಯಲ್ಲಿ ಸುಮಾರು ಏಳು ಸಲ ಕಲಸಿದರೆ 52 ಎಲೆಗಳು ಚೆನ್ನಾಗಿ ಬೆರೆಯುತ್ತವೆ ಎಂದು ಬೇಯರ್ ಮತ್ತು ಡಯಾಕೋನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದ್ದಾರೆ. ನಾವು ರೂಢಿಯಿಂದ ಒಂದು ಕೈಯಿಂದ ಇನ್ನೊಂದು ಕೈಗೆ ಗುಂಪುಗುಂಪಾಗಿ ಬೀಳಿಸುವ ಕಲಸಾಟದಲ್ಲಿ ಎಲೆಗಳು ಅಷ್ಟು ಬೇಗ ಬೆರೆಯುವುದಿಲ್ಲ. ಪ್ರತಿ ಸುತ್ತಿನ ಹಂಚಿಕೆಗೂ ಹಲವು ಸಲ ಹೀಗೆ ಬಾಗುವ ಎಲೆಗೆ ಸ್ಪ್ರಿಂಗಿನ ಗುಣ ಇರಲೇಬೇಕು.

ಬಳಿಕ ಇಡೀ ಕಟ್ಟನ್ನು ನೆಲದ ಮೇಲೆ, ನಮ್ಮ ಕಡೆಯ ಮನೆಗಳಲ್ಲಿ ಇರುವ ನುಣುಪಾದ ಶಹಾಬಾದ್ ಕಲ್ಲಿನ ಮೇಲಾದರೆ ಇನ್ನೂ ಒಳ್ಳೆಯದು, ನೆಟ್ಟಗಿಟ್ಟು ಕಣ್ಣನ್ನು ಅದರ ಸಮಕ್ಕೆ ತಂದು ಪಕ್ಕದಿಂದ ನೋಡಬೇಕು. ಎಲೆಗಳ ನಡುವೆ ಎಲ್ಲಿಯಾದರೂ ಬೆಳಕಿನ ಸಂದು ಕಂಡರೆ ಆ ಜಾಗದ ಎಲೆ ಸೊಟ್ಟಗಿದೆ ಎಂದೇ ಅರ್ಥ. ನಂತರ ಕಟ್ಟಿನ ನಾಲ್ಕೂ ಅಂಚುಗಳ ಮೇಲೆ ಬೆರಳಾಡಿಸಬೇಕು. ಸರಿಯಾಗಿ ಕತ್ತರಿಸಿದ ಕಟ್ಟು ಒಂದೇ ತುಂಡಿನಂತೆ ತಾಗುತ್ತದೆ, ಅಗ್ಗದ ಕಟ್ಟಿನಲ್ಲಿ ಒಂದೊಂದು ಎಲೆ ಕೂದಲೆಳೆಯಷ್ಟು ಹೊರಗೆ ಚಾಚಿದ್ದು ಬೆರಳಿಗೆ ಸಿಗುತ್ತದೆ. ಇಂಥ ಚಾಚಿದ ಎಲೆಯನ್ನು ಹಂಚುವವನು ಕಣ್ಣು ಮುಚ್ಚಿಯೂ ಗುರುತಿಸಬಲ್ಲ. ಕೊನೆಯದಾಗಿ ಮೊಬೈಲಿನ ಟಾರ್ಚ್ ಹಚ್ಚಿ ಎಲೆಯ ಹಿಂದೆ ಹಿಡಿಯಿರಿ. ಒಳ್ಳೆಯ ಎಲೆಯ ಬೆನ್ನಿನಿಂದ ಮುಖದ ಚಿತ್ರ ಕಾಣಬಾರದು, ಕೀಳು ದರ್ಜೆಯ ಎಲೆಯಲ್ಲಿ ಇಸ್ಪೀಟಿನ ಹತ್ತೋ ಆಟೀನಿನ ಹತ್ತೋ ಎಂದು ಹೇಳುವಷ್ಟು ನೆರಳು ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಎಲೆ ಎತ್ತಿ ಹಿಡಿಯುವ ಅಭ್ಯಾಸದವರು ನಿಮ್ಮ ಆಟದಲ್ಲಿದ್ದರೆ ಈ ಪರೀಕ್ಷೆಯನ್ನು ಬಿಡಲೇಬೇಡಿ.

ಬೆನ್ನಿನ ಚಿತ್ತಾರದ ವಿಷಯ ಅಷ್ಟು ಸಣ್ಣದಲ್ಲ. ಸುತ್ತ ಬಿಳಿ ಅಂಚು ಬಿಟ್ಟು, ತಲೆಕೆಳಗು ಮಾಡಿದರೂ ಒಂದೇ ರೀತಿ ಕಾಣುವ ಚಿತ್ತಾರವಿರುವ ಎಲೆಯನ್ನೇ ಆರಿಸಿಕೊಳ್ಳಿ. ಚಿತ್ತಾರ ಅಂಚಿನವರೆಗೂ ಹಬ್ಬಿದ್ದು ಕತ್ತರಿಸುವಾಗ ಒಂದು ಕಡೆ ಹೂವಿನ ಪೂರ್ಣ ಎಸಳು, ಇನ್ನೊಂದು ಕಡೆ ಅರ್ಧ ಎಸಳು ಉಳಿದರೆ, ಯಾವ ಎಲೆ ಯಾವ ದಿಕ್ಕಿಗೆ ತಿರುಗಿದೆ ಎಂಬುದನ್ನು ಚುರುಕುಗಣ್ಣಿನವರು ಓದಿಬಿಡುತ್ತಾರೆ, ಒಳ್ಳೆಯ ಎಲೆಗಳನ್ನಷ್ಟೇ ತಿರುಗಿಸಿಟ್ಟರೆ ಮುಂದೆ ಅವನ್ನು ಬೆನ್ನಿನಿಂದಲೇ ಗುರುತಿಸಬಹುದು. ಅಮೆರಿಕದ ಪೋಕರ್ ಆಟಗಾರ ಫಿಲ್ ಐವಿ 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಯಾಸಿನೋದಲ್ಲಿ ಪುಂಟೊ ಬ್ಯಾಂಕೊ ಎಂಬ ಆಟದಲ್ಲಿ ಸುಮಾರು 77 ಲಕ್ಷ ಪೌಂಡ್ ಗೆದ್ದದ್ದು ಇಂಥ ಅಂಚಿನ ವ್ಯತ್ಯಾಸವನ್ನು ಗುರುತಿಟ್ಟುಕೊಂಡೇ. ಕ್ಯಾಸಿನೋ ಹಣ ಕೊಡಲಿಲ್ಲ, 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ಅವರ ವಿರುದ್ಧವೇ ತೀರ್ಪು ಕೊಟ್ಟಿತು. ನಮ್ಮ ಮನೆಯ ಆಟದಲ್ಲಿ ಹಣದ ಬದಲು ಚಿಪ್ಸ್ ಎಂಬ ಎಣಿಕೆಯ ಬಿಲ್ಲೆಗಳು ಮಾತ್ರ ಇರುತ್ತವೆ, ಸೋತವರು ಮಿರ್ಚಿಭಜಿ ತರುವುದು ವಾಡಿಕೆ. ಹಣ ಕಟ್ಟಿ ಆಡುವವರು ಜೂಜಿಗೆ ಶಿಕ್ಷೆ ಹೇಳುವ 1963ರ ಕರ್ನಾಟಕ ಪೊಲೀಸ್ ಕಾಯ್ದೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಆದರೂ ಭಜಿಗಾಗಿಯೇ ಎಸಳು ಎಣಿಸುವ ಅಳಿಯಂದಿರು ಎಲ್ಲ ಮನೆಗಳಲ್ಲಿ ಇರುತ್ತಾರೆ.

ಅಳತೆ ಎರಡು ಬಗೆಯದು. ಪೋಕರ್ ಅಳತೆಯ ಎಲೆ ಎರಡೂವರೆ ಇಂಚು ಅಗಲ, ಬ್ರಿಡ್ಜ್ ಅಳತೆಯದು ಎರಡೂ ಕಾಲು ಇಂಚು ಅಗಲ, ಉದ್ದ ಎರಡಕ್ಕೂ ಮೂರೂವರೆ ಇಂಚು. ಅದೇ ಕಟ್ಟಿನಲ್ಲಿ ಹಬ್ಬದ ದಿನ ರಮ್ಮಿಯನ್ನೂ ಆಡುವ ಮನೆಗೆ ಬ್ರಿಡ್ಜ್ ಅಳತೆಯೇ ಸರಿ, ಹದಿಮೂರು ಎಲೆಗಳನ್ನು ಬೀಸಣಿಗೆಯಾಗಿ ಹಿಡಿಯುವಾಗ ಆ ಕಾಲು ಇಂಚು ಬೆರಳಿಗೆ ದೊಡ್ಡ ಉಪಕಾರ ಮಾಡುತ್ತದೆ. ಮೂಲೆಯ ಅಂಕಿ ದೊಡ್ಡದಿರುವ ಜಂಬೋ ಎಲೆ ನನ್ನ ವಯಸ್ಸಿನವರಿಗೆ ಕನ್ನಡಕ ತಡಕುವ ಕೆಲಸ ತಪ್ಪಿಸುತ್ತದೆ. ಆದರೆ ಮೂಲೆ ಎತ್ತಿ ಇಣುಕುವಾಗ ಪಕ್ಕದವರಿಗೂ ಅದು ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಒತ್ತಾಗಿ ಕುಳಿತು ಆಡುವವರು ಇದನ್ನು ಯೋಚಿಸಬೇಕು. ಕಳಾವರಕ್ಕೆ ಹಸಿರು, ಡೈಮಂಡಿಗೆ ನೀಲಿ ಬಣ್ಣ ಕೊಟ್ಟ ನಾಲ್ಕು ಬಣ್ಣದ ಕಟ್ಟುಗಳೂ ಸಿಗುತ್ತವೆ, ಇನ್ವರ್ಟರಿನ ಮಂದ ಬೆಳಕಿನಲ್ಲಿ ಅವು ಅನುಕೂಲ.

ಬೆನ್ನಿನ ಬಣ್ಣ ಬೇರೆ ಬೇರೆಯಾಗಿರುವ ಎರಡು ಕಟ್ಟುಗಳ ಜೋಡಿಯನ್ನೇ ಕೊಳ್ಳಿ. ಒಂದರಲ್ಲಿ ಆಟ ನಡೆಯುತ್ತಿರುವಾಗ ಇನ್ನೊಂದನ್ನು ಬೇರೊಬ್ಬರು ಕಲಸಿ ಸಿದ್ಧವಾಗಿಟ್ಟರೆ ಕಾಯುವ ಬೇಸರ ತಪ್ಪುತ್ತದೆ, ಎರಡೂ ಕಟ್ಟುಗಳು ಸಮನಾಗಿ ಸವೆಯುತ್ತವೆ. ಆದರೆ ಆಡುವಾಗ ಬರಿಯ ಕಲ್ಲಿನ ಮೇಲೆ ಎಲೆ ಹಂಚಬೇಡಿ. ನುಣುಪಾದ ಕಲ್ಲಿಗೆ ಪ್ಲಾಸ್ಟಿಕ್ ಎಲೆ ಅಂಟಿದಂತೆ ಕೂತು, ಎತ್ತಲು ಉಗುರು ಹಾಕಬೇಕಾಗುತ್ತದೆ, ಉಗುರು ಹಾಕಿದ ಅಂಚಿನಲ್ಲಿ ಚಿಕ್ಕ ಕಚ್ಚು ಬೀಳುತ್ತದೆ, ಜೊತೆಗೆ ನೆಲದ ಸಣ್ಣ ಮರಳು ಬೆನ್ನನ್ನು ಗೀರುತ್ತದೆ. ಜಮಖಾನೆ ಹಾಸಿ ಅದರ ಮೇಲೆ ದಪ್ಪನೆಯ ಹತ್ತಿಯ ಚಾದರ ಬಿಗಿಯಾಗಿ ಎಳೆದು ಹಾಕಿದರೆ ಎಲೆ ಸುಲಭವಾಗಿ ಮೇಲೇಳುತ್ತದೆ. ಗಾಜು ಹೊದಿಸಿದ ಟೇಬಲ್ ಇದ್ದರೆ ಅದಕ್ಕೂ ಬಟ್ಟೆ ಹಾಕಲೇಬೇಕು, ಇಲ್ಲವಾದರೆ ಹಂಚುವಾಗ ಎಲೆಯ ಮುಖ ಗಾಜಿನಲ್ಲಿ ಮಿಂಚಿ ಹೋಗುತ್ತದೆ.

ಭಜಿ, ಶೇಂಗಾ ಹಿಂಡಿಯ ತಟ್ಟೆಗಳು ಬಂದ ರಾತ್ರಿ ಆಟ ಮುಗಿದ ಮೇಲೆ ಎಲೆಗಳನ್ನು ಹಾಗೆಯೇ ಡಬ್ಬಿಗೆ ಸೇರಿಸಬಾರದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಒಂದೊಂದೇ ಎಲೆಯ ಎರಡೂ ಬದಿ ಒರೆಸಬೇಕು. ಮತ್ತೊಂದು ಬಟ್ಟೆಯನ್ನು ಬರಿಯ ನೀರಿನಲ್ಲಿ ಅದ್ದಿ ಸೋಪು ತೆಗೆದು, ನೆರಳಿನಲ್ಲಿ ಹರಡಿ ಒಣಗಿಸಬೇಕು. ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಇವುಗಳನ್ನು ಹತ್ತಿರ ಸುಳಿಯಗೊಡಬೇಡಿ, ಮುದ್ರಣ ಅಳಿಸುವುದಲ್ಲದೆ ಅಸಿಟೇಟ್ ಎಲೆ ಇಂಥ ದ್ರವಗಳಲ್ಲಿ ಇರಬಹುದಾದ ಅಸಿಟೋನಿನಲ್ಲಿ ಕರಗಿಯೇ ಹೋಗುತ್ತದೆ. ಪೌಡರ್ ಉದುರಿಸಿ ನಯ ಮಾಡುವ ಹಳೆಯ ರೂಢಿಯೂ ಇದಕ್ಕೆ ಬೇಡ. ಚಳಿಗಾಲದ ಒಣ ಹವೆಯಲ್ಲಿ ಹೊಸ ಎಲೆಗಳು ಒಂದಕ್ಕೊಂದು ಅಂಟಿ ಎರಡೆರಡು ಬರುತ್ತಿದ್ದರೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

ಪ್ಲಾಸ್ಟಿಕ್ ಎಲೆಗೆ ನೀರಿನ ಭಯವಿಲ್ಲ, ಬಿಸಿಯ ಭಯವಿದೆ. ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಪಡುವಣ ಗೋಡೆಯ ಕಿಟಕಿಯಲ್ಲೋ ಬಿಟ್ಟ ಕಟ್ಟು ಬಾಗುತ್ತದೆ, ಒಮ್ಮೆ ಬಿಸಿಗೆ ಬಾಗಿದ್ದು ಮತ್ತೆ ಪೂರ್ತಿ ಸಮವಾಗುವುದು ಕಷ್ಟ. ಅದರ ಗಟ್ಟಿ ಡಬ್ಬಿಯಲ್ಲಿಯೇ, ಒತ್ತಾಗಿ, ಅಲಮಾರಿಯ ಕೆಳಗಿನ ಖಾನೆಯಲ್ಲಿ ಇಡಿ. ರಬ್ಬರ್ ಬ್ಯಾಂಡ್ ಸುತ್ತಿದರೆ ಮೇಲಿನ, ಕೆಳಗಿನ ಎಲೆಗಳ ನಡುಭಾಗದಲ್ಲಿ ಸೊಂಟ ಕಟ್ಟಿದಂತೆ ಗುರುತು ಉಳಿಯುತ್ತದೆ.

ಒಂದು ಎಲೆ ಕಳೆದರೆ ಅಥವಾ ಸೀಳಿದರೆ ಜೋಕರಿನ ಮೇಲೆ ಪೆನ್ನಿನಿಂದ ಬರೆದು ಆಡಿಸುವುದು ರಮ್ಮಿಗೆ ನಡೆಯುತ್ತದೆ, ಪೋಕರಿಗೆ ನಡೆಯುವುದಿಲ್ಲ. ಪೋಕರ್ ಆಟದಲ್ಲಿ ಜೋಕರ್ ಡಬ್ಬಿಯಲ್ಲಿಯೇ ಉಳಿದಿರುವುದರಿಂದ ಅದರ ಬೆನ್ನು ಉಳಿದ 51 ಎಲೆಗಳಿಗಿಂತ ಹೊಸದಾಗಿ ಕಂಡು, ತಾನಾಗಿಯೇ ಗುರುತಿನ ಎಲೆಯಾಗಿಬಿಡುತ್ತದೆ. ಅಂಥ ಕಟ್ಟನ್ನು ರಮ್ಮಿಗೆ ತೆಗೆದಿಟ್ಟು, ಜೋಡಿಯ ಇನ್ನೊಂದು ಕಟ್ಟಿನಲ್ಲಿ ಆಟ ಮುಂದುವರಿಸಿ. ಆರು ತಿಂಗಳಿಗೊಮ್ಮೆಯಾದರೂ ಎಲ್ಲ ಎಲೆಗಳನ್ನು ಬೆನ್ನು ಮೇಲಾಗಿ ಹಗಲು ಬೆಳಕಿನಲ್ಲಿ ಸಾಲಾಗಿ ಹರಡಿ, ಮನೆಯಲ್ಲಿ ಎಲ್ಲರಿಗಿಂತ ಕಣ್ಣು ಚುರುಕಾದ ಸೊಸೆಯನ್ನೋ ಮೊಮ್ಮಗಳನ್ನೋ ಕರೆದು, ಬೇರೆಯಾಗಿ ಕಾಣುವ ಎಲೆ ಯಾವುದೆಂದು ಕೇಳಿ. ಅವರು ತೋರಿಸಿದ ಎಲೆಯನ್ನು ಮೊದಲು ಒರೆಸಿ ನೋಡಿ, ಗುರುತು ಆಗಲೂ ಹೋಗದಿದ್ದರೆ ಹೊಸ ಜೋಡಿ ತರಿಸಿ.