ಖಿನ್ನತೆಯೋ ಬೈಪೋಲಾರೋ: ಇನ್ನೊಬ್ಬ ಮನೋವೈದ್ಯರ ಅಭಿಪ್ರಾಯ ಪಡೆದ ಬಗೆ

ಖಿನ್ನತೆಗೆಂದು ಕೊಟ್ಟ ಮಾತ್ರೆ ಪೂರ್ಣ ಡೋಸಿನಲ್ಲಿ ನಾಲ್ಕರಿಂದ ಆರು ವಾರ ತೆಗೆದುಕೊಳ್ಳದೆ ಅದು ಕೆಲಸ ಮಾಡಲಿಲ್ಲ ಎನ್ನುವಂತಿಲ್ಲ. ಅಷ್ಟಾದರೂ ಗುಣ ಕಾಣದಿದ್ದಾಗಲೇ, ನನ್ನದು ಬರಿಯ ಖಿನ್ನತೆಯೋ ಅಥವಾ ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆಯೋ ಎಂದು ತಿಳಿಯಲು ನಾನು ಇನ್ನೊಬ್ಬ ಮನೋವೈದ್ಯರ ಬಳಿ ಹೋದದ್ದು. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಲಿಲ್ಲ. ಎಸ್ಸಿಟಲೋಪ್ರಾಮ್, ಪ್ಯಾರಾಕ್ಸೆಟಿನ್‌ನಂಥವನ್ನು ತಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಶುರುವಾಗಬಹುದು. ಆಗ ಕಾಯಿಲೆಯ ಲಕ್ಷಣ ಯಾವುದು, ಮಾತ್ರೆ ಬಿಟ್ಟದ್ದರ ಪರಿಣಾಮ ಯಾವುದು ಎಂದು ಹೊಸ ವೈದ್ಯರಿಗೆ ಬಿಡಿಸುವುದೇ ಕಷ್ಟ.

ಹಳೆಯ ಚೀಟಿ, ಡಿಸ್‌ಚಾರ್ಜ್ ಸಮ್ಮರಿ, ರಕ್ತಪರೀಕ್ಷೆಯ ವರದಿ ಒಂದೇ ಫೈಲಿನಲ್ಲಿರಲಿ. ದಾಖಲೆ ಕೈಯಲ್ಲಿಲ್ಲದಿದ್ದರೆ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಅದನ್ನು ರೋಗಿಯ ಹಕ್ಕಾಗಿಸಿದೆ. ಥೈರಾಯ್ಡ್ ಮತ್ತು ಬಿ12 ವರದಿ ಇದ್ದರೆ ಮೇಲೆಯೇ ಇಡಿ. ಅವುಗಳ ಕೊರತೆಯೂ ಖಿನ್ನತೆಯಂತೆ ಕಾಣಿಸಿಕೊಳ್ಳಬಲ್ಲದು.

ಫೈಲಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಹಾಳೆ. ಕಾಯಿಲೆ ಮೊದಲು ಕಂಡ ವಯಸ್ಸು, ಪ್ರತಿ ಮಾತ್ರೆಯ ಹೆಸರು, ಮಿಲಿಗ್ರಾಂ, ಎಷ್ಟು ವಾರ, ಏನಾಯಿತು ಎಂಬುದನ್ನು ಕಾಲಕ್ರಮದಲ್ಲಿ ಬರೆದೆ. ಅದರ ಜೊತೆಗೆ ಮನಸ್ಸು ಏರಿದ ದಿನಗಳನ್ನೂ ಗುರುತಿಸಿದೆ: ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತು ನಿಲ್ಲದು, ಖರ್ಚಿಗೆ ಲಗಾಮಿಲ್ಲ. ಇಂಥ ಸ್ಥಿತಿ ಸತತ ನಾಲ್ಕು ದಿನ ಉಳಿದರೆ ವೈದ್ಯರು ಹೈಪೋಮೇನಿಯಾದ, ಅಂದರೆ ಉನ್ಮಾದದ ಸೌಮ್ಯ ರೂಪದ, ಸಾಧ್ಯತೆ ನೋಡುತ್ತಾರೆ. ಆ ದಿನಗಳು ಹಿತವಾಗಿರುವುದರಿಂದ ರೋಗಿ ಅವನ್ನು ಕಾಯಿಲೆಯೆಂದು ಹೇಳುವುದೇ ಇಲ್ಲ, ವೈದ್ಯರಲ್ಲಿಗೆ ಹೋಗುವುದೂ ಕುಸಿದಾಗಲೇ. ಬೈಪೋಲಾರ್ ಬರಿಯ ಖಿನ್ನತೆಯಾಗಿ ದಾಖಲಾಗುವುದು ಹೀಗೆ. ಅಂಥವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳಬಹುದು. ಆದ್ದರಿಂದ ಮನೆಯವರೊಬ್ಬರು ಜೊತೆಗಿರಲೇಬೇಕು. ಏರಿದ ದಿನಗಳನ್ನು ಕಂಡವರು ಅವರೇ.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗಗಳಲ್ಲಿ ಕಿರಿಯ ವೈದ್ಯರು ಮೊದಲು ವಿವರ ಬರೆದುಕೊಂಡು ಹಿರಿಯರ ಜೊತೆ ಚರ್ಚಿಸುತ್ತಾರೆ. ದಿನ ಪೂರ್ತಿ ಹಿಡಿದರೂ ಇಬ್ಬರು ವೈದ್ಯರು ನೋಡುವುದು ಒಳ್ಳೆಯದೇ. ಹಳೆಯ ರೋಗನಿರ್ಣಯ ಮೊದಲೇ ಹೇಳದೆ ಲಕ್ಷಣ ಹೇಳಿ, ಆಮೇಲೆ ಫೈಲು ಕೊಡಿ. 'ಯಾವ ಲಕ್ಷಣದ ಮೇಲೆ ಹೀಗೆ ಹೇಳ್ತಿದ್ದೀರಿ ಡಾಕ್ಟ್ರೇ? ಬೇರೆ ಏನಿರಬಹುದು ಅಂತ ಯೋಚಿಸಿದ್ರಿ?' ಎಂದು ಕೇಳಿ, ಉತ್ತರ ಬರೆದುಕೊಳ್ಳಿ.

ಸಾಯುವ ಯೋಚನೆ ಬರುತ್ತಿದ್ದರೆ ಎರಡನೇ ಅಭಿಪ್ರಾಯಕ್ಕೆ ಕಾಯಬಾರದು. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ; ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416.

ಇಬ್ಬರ ಮಾತು ಬೇರೆಯಾದರೆ ಎರಡೂ ಚೀಟಿಯ ಮಾತ್ರೆ ಒಟ್ಟಿಗೆ ನುಂಗಬೇಡಿ. ಕಂಪನಿಯ ಹೆಸರು ಬೇರೆಯಿದ್ದರೂ ಒಳಗಿನ ಔಷಧ ಒಂದೇ ಆಗಿ ಡೋಸು ಇಮ್ಮಡಿಯಾಗಬಹುದು. ಎರಡನೆಯವರಿಂದ ಮೊದಲಿನವರಿಗೆ ಪತ್ರ ಬರೆಸಿಕೊಳ್ಳಿ, ಮುಂದೆ ಒಬ್ಬರೇ ಮಾತ್ರೆ ಬರೆಯಲಿ.